ಗನ್ ಡಾಗ್‌ಗೆ ಯಾವ ಕೂಲಿ? ತರಬೇತಿಯ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ಎಂಟು ತಿಂಗಳ ಕಪ್ಪು ಲ್ಯಾಬ್ರಡಾರ್. ಹೆಸರು ಕಾಳಿ. ಬಂದೂಕಿನಿಂದ ಹೊಡೆದ ಹಕ್ಕಿಯನ್ನು ಹುಡುಕಿ ತರುವ ಗನ್ ಡಾಗ್ ಆಗಲು ಕಲಿಯುತ್ತಿದ್ದಳು. ಹಕ್ಕಿಯ ಬದಲು ಅಭ್ಯಾಸಕ್ಕೆ ಬಳಸುವ ಹಸಿರು ಕ್ಯಾನ್ವಾಸ್ ಡಮ್ಮಿಯನ್ನು ನಲವತ್ತು ಗಜ ದೂರಕ್ಕೆ ಎಸೆದಿದ್ದೆ. ಓಡಿದಳು, ಕಚ್ಚಿಕೊಂಡಳು, ಹೋದಷ್ಟೇ ಜೋರಾಗಿ ವಾಪಸ್ ಬಂದಳು. ನನ್ನಿಂದ ಎರಡು ಹೆಜ್ಜೆ ದೂರ ಇರುವಾಗ ಡಮ್ಮಿಯನ್ನು ನೆಲಕ್ಕೆ ಉಗಿದು, ನನ್ನ ಜಾಕೆಟ್ಟಿನ ಬಲಗಡೆ ಜೇಬನ್ನೇ ನೋಡುತ್ತಾ ಕೂತಳು. ಆ ಜೇಬಿನಲ್ಲಿ ಬೇಯಿಸಿದ ಕೋಳಿ ತುಂಡುಗಳಿದ್ದವು. ಅವಳ ತುಟಿಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, "ನೋಡಿದ್ರಾ? ತಿಂಡಿ ಕೊಟ್ಟು ಗನ್ ಡಾಗ್ ತಯಾರು ಮಾಡೋಕಾಗಲ್ಲ" ಅಂದರು.

ಅವರ ಕಣ್ಣಿಗೆ ಬಿದ್ದದ್ದು ನಿಜವೇ. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. ಕೂಲಿ ಕೊಟ್ಟಿದ್ದು ತಪ್ಪಾಗಿರಲಿಲ್ಲ. ಆ ಕೆಲಸಕ್ಕೆ, ಆ ಜಾಗದಲ್ಲಿ, ಆ ಕೂಲಿ ತಪ್ಪಾಗಿತ್ತು. ಇದು ನನಗೆ ಅರ್ಥವಾಗಲು ಒಂದೂವರೆ ವರ್ಷ ಹಿಡಿಯಿತು. ನೀವು ಅಷ್ಟು ದಿನ ಕಳೆಯಬೇಕಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿ ಹತ್ತಿರ. ಬಂದೂಕು ಹಿಡಿಯುವುದಿಲ್ಲ. ಚಳಿಗಾಲದಲ್ಲಿ ನಾಯಿ ಕರೆದುಕೊಂಡು ಪಿಕಿಂಗ್ ಅಪ್‌ಗೆ ಹೋಗುತ್ತೇನೆ. ಅಂದರೆ ಬೇರೆಯವರು ಹೊಡೆದ ಹಕ್ಕಿಗಳನ್ನು ಹುಡುಕಿ ತರುವ ಕೆಲಸ. ಗಾಯಗೊಂಡ ಹಕ್ಕಿ ಪೊದೆಯೊಳಗೆ ಗಂಟೆಗಟ್ಟಲೆ ನರಳಬಾರದು. ಅದನ್ನು ಬೇಗ ಹುಡುಕಿ ತರಲು ಮನುಷ್ಯನ ಕಣ್ಣಿನಿಂದ ಆಗುವುದಿಲ್ಲ, ನಾಯಿಯ ಮೂಗೇ ಬೇಕು. ಫೆಸೆಂಟ್ ಹಕ್ಕಿಯ ಸೀಸನ್ ಇಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಉಳಿದ ಎಂಟು ತಿಂಗಳು ಡಮ್ಮಿ ಜೊತೆ ಅಭ್ಯಾಸ.

ಗನ್ ಡಾಗ್ ಅಂದರೆ ನಮ್ಮ ಮುಧೋಳದ ತರಹದ ಬೇಟೆ ನಾಯಿ ಅಲ್ಲ. ಮುಧೋಳ ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗಿ ಹಿಡಿಯುವ ನಾಯಿ. ಗನ್ ಡಾಗ್ ಅಟ್ಟಿಸಿಕೊಂಡು ಹೋಗಲೇಬಾರದು. ಹಕ್ಕಿ ಕಾಲಬುಡದಿಂದಲೇ ಹಾರಿದರೂ ಕೂತಿರಬೇಕು. ಗುಂಡಿನ ಸದ್ದು ಕೇಳಿದರೂ ಕೂತಿರಬೇಕು. ಹೇಳಿದಾಗ ಮಾತ್ರ ಹೋಗಬೇಕು, ನೂರು ಗಜ ದೂರದಲ್ಲೂ ವಿಸಲ್ ಕೇಳಿದ ಕೂಡಲೇ ನಿಲ್ಲಬೇಕು, ತಂದದ್ದನ್ನು ಹಲ್ಲು ತಾಕಿಸದೆ ಕೈಗೆ ಕೊಡಬೇಕು. ರಕ್ತದಲ್ಲಿ ಬಂದ ಆಸೆಯನ್ನು ತಡೆಹಿಡಿದು ನಮ್ಮ ಮುಖ ನೋಡಬೇಕು. ಈ ಕೆಲಸಕ್ಕೆ ಪ್ರೀತಿಯ ದಾರಿ ಸಾಲದು, ಬಿಗಿ ಕೈ ಬೇಕು ಅಂತ ಜನ ನಂಬಿರುವುದು ಇದಕ್ಕೇ.

ಮೂರು ದಾರಿಗಳು

ಮೊದಲನೆಯದು ಹಳೇ ಕಾಲದ ದಾರಿ. ಬ್ರಿಟನ್ನಿನಲ್ಲಿ ಗನ್ ಡಾಗ್‌ಗಳ ಪಂದ್ಯ, ಅಂದರೆ ಫೀಲ್ಡ್ ಟ್ರಯಲ್, 1865ರಲ್ಲಿ ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್‌ನಲ್ಲಿ ಶುರುವಾಯಿತು. ಎಸ್ಟೇಟುಗಳಲ್ಲಿ ಹಕ್ಕಿ ಸಾಕುವ ಗೇಮ್‌ಕೀಪರ್‌ಗಳು ತಲೆಮಾರುಗಳಿಂದ ನಾಯಿ ಪಳಗಿಸಿದ್ದಾರೆ. ಕುತ್ತಿಗೆಗೆ ಎಳೆದರೆ ಬಿಗಿಯುವ ಹಗ್ಗ, ಅಂದರೆ ಸ್ಲಿಪ್ ಲೀಡ್, ತಪ್ಪಿದರೆ ಒಂದು ಜಗ್ಗು, ಜೋರು ದನಿ, ಜಾಸ್ತಿ ತಪ್ಪಿದರೆ ಕುತ್ತಿಗೆಯ ಚರ್ಮ ಹಿಡಿದು ಅಲುಗಾಡಿಸುವುದು. ತಿಂಡಿ ಇಲ್ಲವೇ ಇಲ್ಲ.

ಈ ದಾರಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಳ್ಳೆಯ ಹಳೇ ತರಬೇತುದಾರರ ಕೆಲಸ ಹತ್ತಿರದಿಂದ ನೋಡಿದ್ದೇನೆ. ಹತ್ತು ಡಮ್ಮಿ ಎಸೆದರೆ ಏಳನ್ನು ತಾವೇ ನಡೆದುಹೋಗಿ ಎತ್ತಿಕೊಂಡು ಬರುತ್ತಾರೆ. ನಾಯಿ ಕೂತು ನೋಡುತ್ತಿರುತ್ತದೆ. ಚೆನ್ನಾಗಿ ಕೂತದ್ದಕ್ಕೆ ಮೂರು ಸಲ ಮಾತ್ರ "ಹೋಗು" ಅನ್ನುತ್ತಾರೆ. ಅವರು ಅದನ್ನು ಬಹುಮಾನ ಅಂತ ಕರೆಯುವುದಿಲ್ಲ. ಆದರೆ ಅದು ಅಪ್ಪಟ ಬಹುಮಾನವೇ. ಅವರ ನಾಯಿಗಳು ಚೆನ್ನಾಗಿರುವುದು ಜಗ್ಗಿದ್ದರಿಂದ ಅಲ್ಲ, ಈ ಮೂರು "ಹೋಗು"ಗಳಿಂದ ಅಂತ ನನ್ನ ನಂಬಿಕೆ.

ಕೊರತೆ ಎಲ್ಲಿ ಅಂದರೆ, ಈ ದಾರಿ ಕಲಿಸುವವನ ಕೈ ಮತ್ತು ಮೂಡಿನ ಮೇಲೆ ನಿಂತಿದೆ. ನಲವತ್ತು ವರ್ಷ ಪಳಗಿದ ಕೈಗೆ ಜಗ್ಗುವ ಹೊತ್ತು ಗೊತ್ತಿರುತ್ತದೆ. ವಾರಕ್ಕೆ ಎರಡು ದಿನ ಆಫೀಸ್ ಮುಗಿಸಿ ಬರುವ ನಮ್ಮ ನಿಮ್ಮ ಕೈಗೆ ಗೊತ್ತಿರುವುದಿಲ್ಲ. ಕಾಳಿಗೆ ಐದು ತಿಂಗಳಿದ್ದಾಗ ಒಂದು ಕ್ಲಾಸಿಗೆ ಸೇರಿಸಿದ್ದೆ. ಅಲ್ಲಿ ಕಲಿಸುತ್ತಿದ್ದವರು ನನ್ನ ಕೈಯಿಂದ ಲೀಡ್ ತೆಗೆದುಕೊಂಡು "ಹೀಗೆ" ಅಂತ ಒಂದೇ ಸಲ ಜಗ್ಗಿದರು. ಕಾಳಿ ಕೂಗಲಿಲ್ಲ. ಕಿವಿ ಹಿಂದಕ್ಕೆ ಹೋಯಿತು, ಬಾಲ ಹೊಟ್ಟೆ ಕೆಳಗೆ ಹೋಯಿತು, ಇಡೀ ಮೈ ಒಂದು ಇಂಚು ಗಿಡ್ಡ ಆದ ಹಾಗೆ ಕಂಡಿತು. ಮುಂದಿನ ವಾರ ಅದೇ ಹೊಲದ ಗೇಟ್ ಹತ್ತಿರ ಕಾರಿನಿಂದ ಇಳಿಯಲೇ ಇಲ್ಲ. ಅವಳು ಕಲಿತದ್ದು ಪಕ್ಕದಲ್ಲಿ ನಡೆಯುವುದನ್ನಲ್ಲ. ಆ ಗೇಟು ಕೆಟ್ಟದ್ದು ಅಂತ ಕಲಿತಳು.

ಎರಡನೆಯದು ಎಲೆಕ್ಟ್ರಿಕ್ ಕಾಲರ್ ದಾರಿ, ಅಂದರೆ ರಿಮೋಟ್ ಒತ್ತಿದರೆ ನಾಯಿಯ ಕುತ್ತಿಗೆಗೆ ಶಾಕ್ ಕೊಡುವ ಪಟ್ಟಿ. ಅಮೆರಿಕದಲ್ಲಿ ರಿಟ್ರೀವರ್, ಅಂದರೆ ಹೊಡೆದದ್ದನ್ನು ತಂದುಕೊಡುವ ಲ್ಯಾಬ್ ತರಹದ ನಾಯಿ, ಪಳಗಿಸುವವರಲ್ಲಿ ಇದು ತುಂಬಾ ಬಳಕೆಯಲ್ಲಿದೆ. ಜೊತೆಗೆ ಫೋರ್ಸ್ ಫೆಚ್ ಅಂತ ಒಂದು ಕ್ರಮ: ಕಿವಿ ಹಿಂಡಿ ನೋಯಿಸುವುದು, ಡಮ್ಮಿಯನ್ನು ಬಾಯಿಗೆ ತೆಗೆದುಕೊಂಡ ಕ್ಷಣ ನೋವು ನಿಲ್ಲಿಸುವುದು. ಕೆಲಸ ಆಗುತ್ತದೆಯಾ? ಆಗುತ್ತದೆ. ಆಗುವುದಿಲ್ಲ ಅಂದರೆ ಸುಳ್ಳಾಗುತ್ತದೆ. ದೂರದಲ್ಲಿರುವ ನಾಯಿಗೆ ನಮ್ಮ ಕೈ ತಲುಪುವುದಿಲ್ಲ, ಕಾಲರ್ ತಲುಪುತ್ತದೆ. ಅದೇ ಅದರ ಆಕರ್ಷಣೆ.

ಆದರೆ ಇದಿಲ್ಲದೆ ಆಗುವುದೇ ಇಲ್ಲ ಅನ್ನುವ ಮಾತಿಗೆ ಆಧಾರ ಕಾಣುವುದಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಕರೆದರೆ ಬಾರದ 63 ನಾಯಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕಾಲರ್ ಬಳಸುವ ತರಬೇತುದಾರರು ಕಾಲರ್ ಹಾಕಿ ಕಲಿಸಿದರು. ಇನ್ನೊಂದಕ್ಕೆ ಅದೇ ತರಬೇತುದಾರರು ಕಾಲರ್ ಇಲ್ಲದೆ ಕಲಿಸಿದರು. ಮೂರನೆಯದಕ್ಕೆ ಬಹುಮಾನದ ದಾರಿಯವರು ಕಲಿಸಿದರು. ಕಾಲರ್ ಗುಂಪು ಹೆಚ್ಚೇನೂ ಸಾಧಿಸಲಿಲ್ಲ. ಒಂದೇ ಸಲಕ್ಕೆ ಹೇಳಿದ ಮಾತು ಕೇಳುವುದರಲ್ಲಿ ಬಹುಮಾನದ ಗುಂಪೇ ಮುಂದಿತ್ತು. ಅದೇ ವರ್ಷ ಪೋರ್ಚುಗಲ್‌ನಿಂದ 92 ನಾಯಿಗಳ ಇನ್ನೊಂದು ಅಧ್ಯಯನ ಬಂತು. ಶಿಕ್ಷೆ ಜಾಸ್ತಿ ಇರುವ ತರಬೇತಿ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚು ಕಂಡವು, ಜೊಲ್ಲಿನಲ್ಲಿ ಅಳೆದ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ತರಬೇತಿಯ ನಂತರ ಹೆಚ್ಚು ಏರಿತ್ತು. ಇವು ಮನೆ ನಾಯಿಗಳು, ಗನ್ ಡಾಗ್‌ಗಳಲ್ಲ ಅನ್ನುವುದು ನಿಜ. ಆದರೂ ನಾಯಿಯ ಹೊಟ್ಟೆಯಲ್ಲಿ ಹುಟ್ಟುವ ಭಯ ಒಂದೇ ಅಲ್ವಾ?

ಕಾನೂನೂ ನೋಡಿಕೊಳ್ಳಿ. ವೇಲ್ಸ್‌ನಲ್ಲಿ 2010ರಿಂದ ನಾಯಿಗೆ ಶಾಕ್ ಕಾಲರ್ ಬಳಸುವುದೇ ಅಪರಾಧ. ನಮ್ಮ ಮನೆಯಿಂದ ಅರ್ಧ ಗಂಟೆ ಪಶ್ಚಿಮಕ್ಕೆ ಹೋದರೆ ಸಾಕು, ಆ ಕಾಲರ್ ಹಾಕಿದ ನಾಯಿ ಜೊತೆ ಕಾರಿನಿಂದ ಇಳಿಯುವ ಹಾಗಿಲ್ಲ.

ಮೂರನೆಯದು ಬಹುಮಾನದ ದಾರಿ. ಸರಿಯಾಗಿ ಮಾಡಿದ್ದಕ್ಕೆ ಕೂಲಿ ಕೊಡುತ್ತೇವೆ. ತಪ್ಪಿದರೆ ಕೂಲಿ ಇಲ್ಲ, ಅಷ್ಟೇ. ತಪ್ಪು ಮಾಡುವ ಅವಕಾಶವೇ ಸಿಗದ ಹಾಗೆ ಮೊದಲೇ ವ್ಯವಸ್ಥೆ ಮಾಡುತ್ತೇವೆ. ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಎಲ್ಲಾ ತರಬೇತಿಗೂ ಈ ದಾರಿಯನ್ನೇ ಬಳಸಿ ಅಂತ ಸ್ಪಷ್ಟವಾಗಿ ಹೇಳಿದೆ.

ನಾನು ಆರಿಸಿಕೊಂಡದ್ದು ಇದನ್ನೇ. ಇದಕ್ಕೂ ಬೆಲೆ ಇದೆ. ಮೊದಲ ಒಂದು ವರ್ಷ ಹತ್ತು ಮೀಟರ್ ಉದ್ದದ ಹಗ್ಗ ಬಿಡುವ ಹಾಗಿಲ್ಲ. ಮೊಲ ಕಂಡರೆ ಓಡಲಿ ಪಾಪ ಅಂತ ಒಂದು ಸಲ ಬಿಟ್ಟರೂ ಮುಗಿಯಿತು. ಅವತ್ತು ನಾಯಿ ತನ್ನ ಕೂಲಿಯನ್ನು ತಾನೇ ತೆಗೆದುಕೊಂಡಿತು, ಆಮೇಲೆ ನಿಮ್ಮ ಬಿಸ್ಕೆಟ್ ಯಾರಿಗೆ ಬೇಕು? ಮೂರು ವರ್ಷ ಮೊಲ ಅಟ್ಟಿಸಿ ರುಚಿ ಹತ್ತಿದ ನಾಯಿಯನ್ನು ತಿರುಗಿಸುವುದು ಈ ದಾರಿಯಲ್ಲಿ ತುಂಬಾ ನಿಧಾನ. ಆಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಥ ನಾಯಿ ನಿಮ್ಮದಾಗಿದ್ದರೆ ಅನುಭವ ಇರುವವರ ಸಹಾಯ ಪಡೆಯಿರಿ.

ಜೇಬಿನ ತಿಂಡಿ ಯಾಕೆ ಸೋಲುತ್ತದೆ

ಬಹುಮಾನದ ದಾರಿ ಹಿಡಿದವರಲ್ಲಿ ಅರ್ಧ ದಾರಿಗೆ ಬಿಡುವವರು ಜಾಸ್ತಿ. ಹೆಚ್ಚಿನವರು ಮುಗ್ಗರಿಸುವುದು ಒಂದೇ ಜಾಗದಲ್ಲಿ. ಹಾರುವ ಫೆಸೆಂಟ್ ಮುಂದೆ ಬಿಸ್ಕೆಟ್ ಹಿಡಿದು ನಿಲ್ಲುತ್ತಾರೆ.

ಇದಕ್ಕೆ ಒಂದು ಹಳೇ ಕಥೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಕೆಲರ್ ಬ್ರೆಲೆಂಡ್ ಮತ್ತು ಮೇರಿಯನ್ ಬ್ರೆಲೆಂಡ್ ಅಂತ ದಂಪತಿ, ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಶಿಷ್ಯರು. ಅಮೆರಿಕದಲ್ಲಿ ಪ್ರದರ್ಶನಕ್ಕೆ, ಜಾಹೀರಾತಿಗೆ ನೂರಾರು ಪ್ರಾಣಿಗಳನ್ನು ತಿಂಡಿ ಕೊಟ್ಟು ಪಳಗಿಸಿದವರು. ಹಂದಿಗೆ ಮರದ ನಾಣ್ಯ ಎತ್ತಿ ಡಬ್ಬಿಗೆ ಹಾಕುವುದನ್ನು ಕಲಿಸಿದರು. ಮೊದಲು ಚೆನ್ನಾಗೇ ಮಾಡಿತು. ಬರುಬರುತ್ತಾ ಹಂದಿ ನಾಣ್ಯವನ್ನು ದಾರಿಯಲ್ಲೇ ಬೀಳಿಸಿ ಮೂತಿಯಿಂದ ನೆಲ ಕೆದರತೊಡಗಿತು. ರಕೂನ್ ಅನ್ನುವ ಅಲ್ಲಿನ ಸಣ್ಣ ಪ್ರಾಣಿಗೆ ಎರಡು ನಾಣ್ಯ ಕೊಟ್ಟರೆ, ಡಬ್ಬಿಗೆ ಹಾಕುವ ಬದಲು ಎರಡನ್ನೂ ಕೈಯಲ್ಲಿ ಹಿಡಿದು ಉಜ್ಜುತ್ತಾ ಕೂತಿತು. ಹೊಟ್ಟೆ ಹಸಿದಿದ್ದರೂ ಹೀಗೇ. 1961ರಲ್ಲಿ ಅವರು ಇದನ್ನು ಪ್ರಾಮಾಣಿಕವಾಗಿ ಬರೆದು ಪ್ರಕಟಿಸಿದರು: ಹುಟ್ಟುಗುಣ ಬಂದು ಕಲಿತದ್ದನ್ನು ಪಕ್ಕಕ್ಕೆ ತಳ್ಳುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾವು ಹೇಳುವುದಿಲ್ಲವೇ, ಅದೇ. ಗನ್ ಡಾಗ್‌ನ ಹುಟ್ಟುಗುಣ ಹುಡುಕುವುದು, ಓಡುವುದು, ಬಾಯಲ್ಲಿ ಹಿಡಿದು ತರುವುದು. ನೂರಾರು ವರ್ಷ ಅದಕ್ಕೇ ಆರಿಸಿ ಆರಿಸಿ ತಳಿ ಮಾಡಿದ್ದಾರೆ. ಅದರ ಎದುರು ತಿಂಡಿಯನ್ನು ಹೋರಾಟಕ್ಕೆ ಬಿಟ್ಟರೆ ತಿಂಡಿ ಸೋಲುತ್ತದೆ. ಹೋರಾಡಿಸುವುದೇ ಬೇಡ. ಆ ಹುಟ್ಟುಗುಣವನ್ನೇ ಕೂಲಿ ಮಾಡಿ.

ಡೇವಿಡ್ ಪ್ರಿಮ್ಯಾಕ್ ಅನ್ನುವ ವಿಜ್ಞಾನಿ 1959ರಲ್ಲಿ ಹೇಳಿದ್ದು ಇದನ್ನೇ: ಜಾಸ್ತಿ ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು. ನಮ್ಮ ಮನೆಗಳಲ್ಲಿ ಇದು ಯಾವತ್ತೂ ಗೊತ್ತಿದ್ದ ಮಾತು. "ಮೊದಲು ಮಗ್ಗಿ ಒಪ್ಪಿಸು, ಆಮೇಲೆ ಆಡೋಕೆ ಹೋಗು."

ಯಾವ ಕೆಲಸಕ್ಕೆ ಯಾವ ಕೂಲಿ

ತಿಂಡಿ ಒಳ್ಳೆಯದು ಶಾಂತವಾದ ಕೆಲಸಗಳಿಗೆ. ಪಕ್ಕದಲ್ಲಿ ನಡೆಯುವುದು, ಕೂತಿರುವುದು, ಬೇರೆ ನಾಯಿ ಕೆಲಸ ಮಾಡುವಾಗ ಸುಮ್ನೆ ನೋಡುವುದು. ತಿಂಡಿ ಅಗಿಯುವ ನಾಯಿ ತಣ್ಣಗಾಗುತ್ತದೆ. ಹತ್ತು ನಿಮಿಷಕ್ಕೆ ನಲವತ್ತು ಸಲ ಕೊಡಬಹುದು, ಡಮ್ಮಿಯನ್ನು ನಲವತ್ತು ಸಲ ಎಸೆಯಲಾಗುವುದಿಲ್ಲ. ಗುಂಡಿನ ಸದ್ದು ಪರಿಚಯಿಸಲೂ ತಿಂಡಿಯೇ ಸರಿ. ಯಾರಾದರೂ ನೂರೈವತ್ತು ಗಜ ದೂರದಲ್ಲಿ ಸದ್ದು ಮಾತ್ರ ಮಾಡುವ ಸ್ಟಾರ್ಟಿಂಗ್ ಪಿಸ್ತೂಲ್ ಹಾರಿಸಬೇಕು, ನೀವು ಆ ಕ್ಷಣಕ್ಕೆ ಕೋಳಿ ಚೂರು ಉದುರಿಸಬೇಕು. ನಾಯಿ ತಿನ್ನುವುದನ್ನು ನಿಲ್ಲಿಸಿತು ಅಂದರೆ ಹತ್ತಿರ ಆಯಿತು ಅಂತ ಅರ್ಥ, ಇನ್ನೂ ದೂರ ಹೋಗಿ. ಮರಿಯನ್ನು ನೇರವಾಗಿ ಶೂಟ್ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗಿ "ಅಭ್ಯಾಸ ಆಗಲಿ" ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಒಂದು ಸಲ ಸದ್ದಿಗೆ ಹೆದರಿದ ನಾಯಿ ಜೀವನವಿಡೀ ಹೆದರಬಹುದು.

ತಿಂಡಿ ಕೆಟ್ಟದ್ದು ಡಮ್ಮಿ ತಂದುಕೊಡುವ ಹೊತ್ತಿಗೆ. ಕಾಳಿ ಉಗಿದದ್ದು ಅದಕ್ಕೇ. ತಿನ್ನಬೇಕಾದರೆ ಬಾಯಿ ಖಾಲಿ ಇರಬೇಕು, ಅವಳ ಲೆಕ್ಕ ಸರಿಯಾಗೇ ಇತ್ತು. ಇದನ್ನು ಸರಿಮಾಡಲು ಎರಡು ಕೆಲಸವನ್ನೂ ಬೇರೆ ಬೇರೆ ಮಾಡಿದೆ. ಬಾಯಲ್ಲಿ ಹಿಡಿದಿರುವುದನ್ನು ಅಡುಗೆಮನೆಯಲ್ಲಿ ಕಲಿಸಿದೆ, ಮರದ ತುಂಡೊಂದನ್ನು ಇಟ್ಟುಕೊಂಡು. ಮೂಗು ತಾಕಿಸಿದರೆ ಒಂದು ಚೂರು ಕೋಳಿ. ಆಮೇಲೆ ಬಾಯಿ ತೆರೆದರೆ. ಆಮೇಲೆ ಒಂದು ಸೆಕೆಂಡ್ ಹಿಡಿದರೆ, ಎರಡು, ಐದು. ನನ್ನ ಅಂಗೈ ಮುಟ್ಟುವವರೆಗೆ ಹಿಡಿದಿದ್ದರೆ ಮಾತ್ರ. ದಿನಕ್ಕೆ ಮೂರು ನಿಮಿಷ, ಐದು ವಾರ. ಕಿವಿ ಹಿಂಡುವ ಫೋರ್ಸ್ ಫೆಚ್‌ನವರು ಯಾವ ಹಿಡಿತಕ್ಕಾಗಿ ಅಷ್ಟೆಲ್ಲ ಮಾಡುತ್ತಾರೋ ಅದೇ ಹಿಡಿತ ಬಂತು. ಬಾಲ ಅಲ್ಲಾಡುತ್ತಲೇ ಬಂತು.

ಹೊರಗೆ ಹೊಲದಲ್ಲಿ ಮಾತ್ರ ಜೇಬು ಖಾಲಿ. ಡಮ್ಮಿ ಬಾಯಲ್ಲಿಟ್ಟುಕೊಂಡು ಬಂದವಳ ಬಾಯಿಗೆ ಕೈ ಹಾಕುವುದಿಲ್ಲ. ಮೊಣಕಾಲೂರಿ ಕೂತು ಎದೆ, ಕಿವಿ ಬುಡ ಸವರುತ್ತೇನೆ. ಅವಳು ತಂದ ಗಂಟನ್ನು ಹೊತ್ತುಕೊಂಡೇ ಹೊಗಳಿಸಿಕೊಳ್ಳುತ್ತಾಳೆ. ಹತ್ತು ಸೆಕೆಂಡ್ ಆದಮೇಲೆ ಕೈ ಚಾಚುತ್ತೇನೆ. ಕೊಟ್ಟ ಕೂಡಲೇ ಕೂಲಿ: ಇನ್ನೊಂದು ಡಮ್ಮಿ. ತಂದುಕೊಟ್ಟರೆ ಇನ್ನೊಂದು ತರಲು ಸಿಗುತ್ತದೆ ಅಂತ ಗೊತ್ತಾದ ಮೇಲೆ ಉಗಿಯುವುದು ತಾನಾಗಿ ನಿಂತಿತು.

ನಿಲ್ಲುವ ವಿಸಲ್‌ಗೆ ಕೂಲಿ ಎಲ್ಲಿ ಬೀಳುತ್ತದೆ ಅನ್ನುವುದೇ ಮುಖ್ಯ. ಒಂದು ಉದ್ದ ಊದು, ಅಂದರೆ ಇದ್ದಲ್ಲೇ ಕೂತು ನನ್ನ ಮುಖ ನೋಡು. ಶುರುವಿನಲ್ಲಿ ನಿಂತದ್ದಕ್ಕೆ ನನ್ನ ಕೈಯಿಂದ ತಿಂಡಿ ಕೊಡುತ್ತಿದ್ದೆ. ಫಲ ಏನಾಯಿತು? ವಿಸಲ್ ಊದಿದರೆ ನನ್ನ ಕಡೆ ನಾಲ್ಕು ಹೆಜ್ಜೆ ನಡೆದುಬಂದು ಕೂರುತ್ತಿದ್ದಳು. ಹಕ್ಕಿ ಬಿದ್ದ ಜಾಗದಲ್ಲಿ ನಾಲ್ಕು ಹೆಜ್ಜೆ ತಪ್ಪಿದರೆ ಗಾಳಿಯಲ್ಲಿನ ವಾಸನೆಯೇ ತಪ್ಪುತ್ತದೆ. ಹಾಗಾಗಿ ಬಹುಮಾನವನ್ನು ಅವಳ ತಲೆ ಮೇಲಿಂದ ಹಿಂದಕ್ಕೆ ಎಸೆಯತೊಡಗಿದೆ. ಮೊದಲು ತಿಂಡಿ, ಆಮೇಲೆ ಚೆಂಡು. ಕೂಲಿ ಬೆನ್ನ ಹಿಂದೆ ಬೀಳುತ್ತದೆ ಅಂತ ತಿಳಿದ ನಾಯಿ ಮುಂದೆ ಬರುವುದಿಲ್ಲ. ಎರಡು ವಾರದಲ್ಲಿ ಇದ್ದಲ್ಲೇ ಮೊಳೆ ಹೊಡೆದ ಹಾಗೆ ಕೂರತೊಡಗಿದಳು.

ಹಕ್ಕಿ ಹಾರಿದಾಗ ಕೂರುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಅದಕ್ಕೆ ದೊಡ್ಡ ಕೂಲಿ ಬೇಕು. ಇದು ನನ್ನ ಎರಡನೇ ನಾಯಿಯಿಂದ ಚೆನ್ನಾಗಿ ಅರ್ಥವಾಯಿತು.

ಯಾವ ತಳಿಗೆ ಏನು

ಲ್ಯಾಬ್ರಡಾರ್ ತಿಂಡಿಪೋತ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಕಾರಣವೂ ಇದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಹಾಗೆ, ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಪಿಒಎಂಸಿ ಅನ್ನುವ ಜೀನ್‌ನಲ್ಲಿ ಒಂದು ತುಂಡು ಇರುವುದಿಲ್ಲ. ಹೊಟ್ಟೆ ತುಂಬಿತು ಅನ್ನುವ ಸಂದೇಶದಲ್ಲಿ ಏರುಪೇರಾಗುತ್ತದೆ. ಅಂಗವಿಕಲರಿಗೆ ನೆರವಾಗುವ ಲ್ಯಾಬ್‌ಗಳಲ್ಲಿ ಈ ಬದಲಾವಣೆ ಇನ್ನೂ ಜಾಸ್ತಿ ಕಂಡಿತು. ತಿಂಡಿಗೆ ಕಲಿಯುವ ನಾಯಿಗಳನ್ನು ಆರಿಸುತ್ತಾ ಬಂದದ್ದೇ ಕಾರಣ ಇರಬಹುದು. ಹಾಗಾಗಿ ಲ್ಯಾಬ್‌ಗೆ ತಿಂಡಿಯಿಂದ ಅಡಿಪಾಯ ಹಾಕುವುದು ಸುಲಭ. ತಿಂಡಿಯನ್ನು ದಿನದ ಊಟದಿಂದಲೇ ಕಳೆಯಿರಿ. ದಪ್ಪ ಲ್ಯಾಬ್‌ನ ಕೀಲುಗಳು ಬೇಗ ಸೋಲುತ್ತವೆ.

ಕಾಕರ್ ಸ್ಪ್ಯಾನಿಯೆಲ್ ಬೇರೆಯೇ ಕಥೆ. ನಮ್ಮ ಪುಟ್ಟಿ ಮನೆಯಲ್ಲಿ ಚೀಸ್‌ಗೆ ಕುಣಿಯುತ್ತಾಳೆ. ಹೊಲಕ್ಕೆ ಇಳಿದಮೇಲೆ ಅದೇ ಚೀಸ್ ಮೂಗಿಗೆ ಹಿಡಿದರೂ ತಲೆ ಆ ಕಡೆ ತಿರುಗಿಸುತ್ತಾಳೆ. ಮುಳ್ಳಿನ ಪೊದೆಗೆ ನುಗ್ಗಿ, ಬಾಲ ತಿರುಗಣಿ ಹಾಗೆ ಬೀಸುತ್ತಾ ವಾಸನೆ ಹಿಡಿಯುವುದೇ ಅವಳಿಗೆ ಹಬ್ಬ. ಸ್ಪ್ಯಾನಿಯೆಲ್ ಕೆಲಸವೇ ಪೊದೆಯಿಂದ ಹಕ್ಕಿ ಎಬ್ಬಿಸುವುದು. ಹಾಗಾಗಿ ಅವಳ ಕೂಲಿ "ಹೋಗು, ಹುಡುಕು" ಅನ್ನುವ ಮಾತು.

ಹೋದ ನವೆಂಬರ್‌ನಲ್ಲಿ ಒಂದು ದಿನ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕಾಲಡಿಗೆ ಕರಕರ ಅನ್ನುತ್ತಿತ್ತು. ಪುಟ್ಟಿ ಒಣಗಿದ ಜರಿಗಿಡದ ಪೊದೆಯಲ್ಲಿ ತಲೆ ಹಾಕಿದಳು. ಒಂದು ಗಂಡು ಫೆಸೆಂಟ್ ಅವಳ ಮೂಗಿನ ತುದಿಯಿಂದಲೇ ಕಟಕಟ ಕೂಗುತ್ತಾ ಮೇಲೆದ್ದಿತು. ರೆಕ್ಕೆಯ ಗಾಳಿಗೆ ಅವಳ ಕಿವಿಯ ಕೂದಲು ಹಾರಿತು. ವಿಸಲ್ ನನ್ನ ತುಟಿಯಲ್ಲೇ ಇತ್ತು, ಊದುವ ಮೊದಲೇ ಅವಳ ಹಿಂಭಾಗ ನೆಲ ಮುಟ್ಟಿತು. ಇಡೀ ಮೈ ನಡುಗುತ್ತಿತ್ತು. ಕಣ್ಣು ಹಕ್ಕಿಯ ಹಿಂದೆ ಹೋಗಿ, ಅರ್ಧ ಆಕಾಶ ದಾಟಿ, ತಿರುಗಿ ನನ್ನ ಮೇಲೆ ಬಂತು. ನನ್ನ ಜೇಬಿನಲ್ಲಿ ಏನೂ ಇರಲಿಲ್ಲ. "ಭಲೇ" ಅಂದೆ. ಹಕ್ಕಿ ಹೋದ ದಿಕ್ಕಿಗೆ ಬೆನ್ನು ಮಾಡಿ ಇನ್ನೊಂದು ಪೊದೆ ತೋರಿಸಿದೆ. ಅವಳು ಬಾಣದ ಹಾಗೆ ಹೋದಳು. ಅವತ್ತು ಅವಳಿಗೆ ಸಿಕ್ಕ ಕೂಲಿಗಿಂತ ದೊಡ್ಡದು ನನ್ನಲ್ಲಿ ಬೇರೆ ಇರಲಿಲ್ಲ.

ಇನ್ನು ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ವಿಜ್ಲಾ ತರಹದ ನಾಯಿಗಳಿಗೆ ಹುಡುಕುವುದು, ವಾಸನೆ ಸಿಕ್ಕರೆ ಕಲ್ಲಾಗಿ ನಿಂತು ತೋರಿಸುವುದು, ತರುವುದು ಮೂರೂ ಕೆಲಸ. ಇವಕ್ಕೆ ಓಡುವುದೇ ಪ್ರಾಣ. ಪಕ್ಕದಲ್ಲಿ ಐದು ಹೆಜ್ಜೆ ಸರಿಯಾಗಿ ನಡೆದರೆ ಓಟಕ್ಕೆ ಬಿಡುವುದು ಒಳ್ಳೆಯ ಕೂಲಿ. ನಾನು ಇವನ್ನು ಸಾಕಿಲ್ಲ, ಜೊತೆಗಾರರ ನಾಯಿಗಳನ್ನು ಕಂಡಿದ್ದೇನೆ. ವಿಜ್ಲಾ ಜೋರು ದನಿಗೇ ಮುದುಡಿಕೊಳ್ಳುವ ಜೀವ. ಅದಕ್ಕಂತೂ ಬಿಗಿ ಕೈ ಬೇಡವೇ ಬೇಡ.

ಕ್ಲಿಕ್ಕರ್, ಮಾತು, ವಿಸಲ್

ಸರಿ ಮಾಡಿದ ಆ ಕ್ಷಣವನ್ನು ನಾಯಿಗೆ ತಿಳಿಸಲು ಒಂದು ಗುರುತು ಬೇಕು. ಒತ್ತಿದರೆ ಟಕ್ ಅನ್ನುವ ಪುಟ್ಟ ಕ್ಲಿಕ್ಕರ್ ಒಳ್ಳೆಯ ಸಾಧನ, ಅಡುಗೆಮನೆಯಲ್ಲಿ. ಹೊಲದಲ್ಲಿ ಒಂದು ಕೈಲಿ ಲೀಡ್, ಇನ್ನೊಂದರಲ್ಲಿ ಡಮ್ಮಿ, ಬಾಯಲ್ಲಿ ವಿಸಲ್. ಕ್ಲಿಕ್ಕರ್ ಎಲ್ಲಿ ಹಿಡಿಯುವುದು? ಗಾಳಿ ಬೀಸಿದರೆ ಮೂವತ್ತು ಗಜಕ್ಕೆ ಕೇಳಿಸುವುದೂ ಇಲ್ಲ.

ನಾನು ಕನ್ನಡದ ಒಂದು ಮಾತಿಗೆ ಬಂದೆ. ಇಲ್ಲಿ ಸಾಲಾಗಿ ಹತ್ತು ಜನ ನಿಂತಿರುತ್ತಾರೆ, ಎಲ್ಲರೂ "ಗುಡ್" ಅನ್ನುತ್ತಾರೆ. ಪಕ್ಕದವರ ನಾಯಿಗೆ ಹೇಳಿದ್ದಕ್ಕೆ ಕಾಳಿ ಎದ್ದುಬಿಡುತ್ತಿದ್ದಳು. "ಭಲೇ" ಅನ್ನುವವರು ಆ ಸಾಲಿನಲ್ಲಿ ನಾನೊಬ್ಬನೇ. ಅದು ಅವಳಿಗೇ ಅಂತ ಅವಳಿಗೆ ಗೊತ್ತು. ವಿದೇಶದಲ್ಲಿರುವ ಕನ್ನಡಿಗರಿಗೆ ಇದೊಂದು ಅನುಕೂಲ, ಬಳಸಿಕೊಳ್ಳಿ. ವಿಸಲ್ ಮಾತ್ರ ಎಲ್ಲರೂ ಬಳಸುವ ಕ್ರಮದಲ್ಲೇ ಇರಲಿ: ನಿಲ್ಲಲು ಒಂದು ಉದ್ದ, ಬರಲು ಚಿಕ್ಕಚಿಕ್ಕ ಊದು. ಬರ್ಮಿಂಗ್‌ಹ್ಯಾಮ್‌ನ ಆಕ್ಮೆ ಕಂಪನಿಯ ವಿಸಲ್‌ಗಳಲ್ಲಿ 210.5 ನಂಬರಿನದನ್ನು ಸ್ಪ್ಯಾನಿಯೆಲ್‌ಗೆ, 211.5 ಅನ್ನು ಲ್ಯಾಬ್‌ಗೆ ಕೊಳ್ಳುವವರು ಜಾಸ್ತಿ. ನಂಬರ್ ಯಾವುದಾದರೂ ಸರಿ, ಎರಡು ಕೊಳ್ಳಿ. ಒಂದು ಕಳೆದರೆ ಅದೇ ಸ್ವರದ ಇನ್ನೊಂದು ಇರಬೇಕು.

ಕ್ಲಾಸಾ, ಒಬ್ಬರ ಹತ್ತಿರವಾ, ಬಿಟ್ಟುಬರುವುದಾ?

ತಿಂಗಳುಗಟ್ಟಲೆ ತರಬೇತುದಾರರ ಬಳಿ ನಾಯಿ ಬಿಟ್ಟುಬರುವ ವ್ಯವಸ್ಥೆ ಇಲ್ಲಿ ಉಂಟು. ನಾನು ಬೇಡ ಅನ್ನುತ್ತೇನೆ. ಅಲ್ಲಿ ಏನು ನಡೆಯುತ್ತದೆ ನಿಮಗೆ ಕಾಣುವುದಿಲ್ಲ. ನಾಯಿ ಕಲಿತರೂ ಅವರ ಜೊತೆ ಕೆಲಸ ಮಾಡುವುದನ್ನು ಕಲಿಯುತ್ತದೆ, ನಿಮ್ಮ ಜೊತೆ ಅಲ್ಲ. ಗುಂಪಿನ ಕ್ಲಾಸ್‌ಗೆ ಒಂದು ದೊಡ್ಡ ಲಾಭ ಇದೆ: ಬೇರೆ ನಾಯಿ ಓಡುವಾಗ ತಾನು ಕೂತಿರುವುದು. ಇದನ್ನು ಮನೆಯಲ್ಲಿ ಕಲಿಸಲಾಗುವುದಿಲ್ಲ. ಸಾಧ್ಯವಾದರೆ ಮೊದಲ ಆರು ತಿಂಗಳು ನಾಯಿ ಜೊತೆ ನೀವೂ ಹೋಗಿ ಒಬ್ಬರ ಹತ್ತಿರ ಕಲಿಯಿರಿ, ಆಮೇಲೆ ಗುಂಪು.

ಹೋಗಿ ಸೇರುವ ಮುಂಚೆ ಒಂದು ದಿನ ನಾಯಿ ಬಿಟ್ಟು ನೀವೊಬ್ಬರೇ ಹೋಗಿ ನೋಡಿ. "ನಾಯಿ ತಪ್ಪು ಮಾಡಿದರೆ ಏನು ಮಾಡ್ತೀರಿ?" ಅಂತ ಕೇಳಿ. "ದೂರ ಕಡಿಮೆ ಮಾಡ್ತೀವಿ, ಕೆಲಸ ಸುಲಭ ಮಾಡ್ತೀವಿ" ಅಂದರೆ ಸೇರಿ. "ಯಾರು ಯಜಮಾನ ಅಂತ ತೋರಿಸ್ಬೇಕು" ಅಂದರೆ ಮನೆಗೆ ಬನ್ನಿ. ಬಾಯಿಮಾತಿಗಿಂತ ಅಲ್ಲಿರುವ ನಾಯಿಗಳ ಬಾಲ ಹೆಚ್ಚು ಹೇಳುತ್ತದೆ. ಹತ್ತು ನಾಯಿಗಳಲ್ಲಿ ಆರು ತುಟಿ ನೆಕ್ಕುತ್ತಾ, ಆಕಳಿಸುತ್ತಾ, ಮುಖ ಆ ಕಡೆ ತಿರುಗಿಸಿದ್ದರೆ ಆ ಜಾಗ ಬೇಡ.

ಪಂದ್ಯಕ್ಕೆ ಹೋಗುವ ಆಸೆ ಇರುವವರು "ಫೀಲ್ಡ್ ಟ್ರಯಲ್‌ನಲ್ಲಿ ತಿಂಡಿ ಕೊಡೋ ಹಾಗಿಲ್ವಲ್ಲ?" ಅಂತ ಕೇಳುತ್ತಾರೆ. ಅಲ್ಲಿ ಕೆಲಸ ಮಾಡುವಾಗ ನಾಯಿಯ ಕುತ್ತಿಗೆಯಲ್ಲಿ ಕಾಲರ್, ಲೀಡ್ ಕೂಡ ಇರುವ ಹಾಗಿಲ್ಲ. ಅಂದರೆ ಜಗ್ಗುವವರ ಹಗ್ಗವೂ ಅಲ್ಲಿಗೆ ಬರುವುದಿಲ್ಲ, ಶಾಕ್ ಕಾಲರೂ ಬರುವುದಿಲ್ಲ. ಹೋಗು ಅಂದಾಗ ಹೋಗುವ ಕೂಲಿ ಮಾತ್ರ ಅಲ್ಲೂ ಸಿಗುತ್ತದೆ. ಹಕ್ಕಿಯನ್ನು ಹಲ್ಲಿನಿಂದ ಜಜ್ಜುವುದು, ಕಾಯುವಾಗ ಕುಂಯ್‌ಗುಡುವುದು, ಎರಡಕ್ಕೂ ಅಲ್ಲಿ ನಾಯಿಯನ್ನು ಹೊರಗೆ ಹಾಕುತ್ತಾರೆ. ಹೆದರಿಕೆಯಲ್ಲಿ ಕಲಿತ ನಾಯಿ ಗಟ್ಟಿಯಾಗಿ ಕಚ್ಚುವುದನ್ನೂ ಕುಂಯ್‌ಗುಡುವುದನ್ನೂ ಕಂಡಿದ್ದೇನೆ. ಎಸೆದದ್ದನ್ನೆಲ್ಲ ತರಲು ಬಿಟ್ಟು ಕೆಡಿಸಿದ ನಾಯಿಯೂ ಕುಂಯ್‌ಗುಡುತ್ತದೆ. ಅದು ಬಹುಮಾನದ ದಾರಿಯವರು ಎಚ್ಚರ ಇಡಬೇಕಾದ ಜಾಗ.

ಊರಲ್ಲಿ ಲ್ಯಾಬ್ ಸಾಕಿದವರಿಗೆ

ಬೆಂಗಳೂರು, ಮೈಸೂರಿನಲ್ಲಿ ಮನೆಮನೆಗೂ ಲ್ಯಾಬ್ ಇದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ, ಅದು ಹಾಗೇ ಇರಬೇಕು. ಆದರೆ ಆ ನಾಯಿಯ ರಕ್ತದಲ್ಲಿ ಈ ಕೆಲಸ ಇದೆ. ಅದಕ್ಕೆ ಹಕ್ಕಿ ಬೇಡ, ಡಮ್ಮಿ ಸಾಕು. ಸೋಫಾ ಕಡಿಯುವ, ಚಪ್ಪಲಿ ಹೊತ್ತೊಯ್ಯುವ ಲ್ಯಾಬ್ ಕೆಲಸ ಕೇಳುತ್ತಿದೆ, ಅಷ್ಟೇ. ಹಳೇ ಜೀನ್ಸ್ ಕಾಲಿನ ತುಂಡಿಗೆ ಬಟ್ಟೆ ಚೂರು ತುಂಬಿ ಎರಡೂ ಕಡೆ ಹೊಲಿದರೆ ಡಮ್ಮಿ ಆಯಿತು. ಅರ್ಧ ಕೆ.ಜಿ. ಒಳಗಿರಲಿ. ಕೋಲು ಎಸೆಯಬೇಡಿ, ಓಡುವ ರಭಸಕ್ಕೆ ಗಂಟಲಿಗೆ ಚುಚ್ಚುತ್ತದೆ.

ಬೆಳಗ್ಗೆ ಏಳರೊಳಗೆ ಮುಗಿಸಿ, ಬಿಸಿಲೇರಿದ ಮೇಲೆ ಲ್ಯಾಬ್ ಓಡಿಸುವುದು ಅಪಾಯ. ಕುರಿ, ನವಿಲು ಇರುವ ಕಡೆ ಹಗ್ಗ ಬಿಡಬೇಡಿ. ಇಲ್ಲಿ ಇಂಗ್ಲೆಂಡಿನಲ್ಲೂ ಮಾರ್ಚ್ 1ರಿಂದ ಜುಲೈ 31ರವರೆಗೆ ಸಾರ್ವಜನಿಕರಿಗೆ ತೆರೆದಿಟ್ಟ ಬಯಲು, ಗುಡ್ಡಗಳಲ್ಲಿ ನಾಯಿಯನ್ನು ಎರಡು ಮೀಟರ್ ಮೀರದ ಲೀಡ್‌ನಲ್ಲೇ ಇಟ್ಟುಕೊಳ್ಳಬೇಕು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ. ಮಾಂಸ ಮಾಡದ ಮನೆಯವರು ಪನೀರ್ ಚೂರು, ಬೇಯಿಸಿದ ಗೆಣಸು ಕೊಡಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ.

ಶುರು ಮಾಡುವುದು ಹೇಗೆ ಅಂದರೆ, ಮೊದಲ ವಾರ ಏನೂ ಕಲಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಹೊರಗೆ ಹೋದಾಗ ನಿಮ್ಮ ನಾಯಿ ತಾನಾಗಿ ಏನೇನು ಮಾಡುತ್ತದೆ ಅಂತ ಬರೆಯಿರಿ. ಮೂಗು ನೆಲಕ್ಕೆ ಹಾಕುತ್ತದಾ, ಎಲೆ ಅಲ್ಲಾಡಿದರೆ ನೋಡುತ್ತದಾ, ಸಿಕ್ಕಿದ್ದನ್ನು ಬಾಯಲ್ಲಿ ಹೊರುತ್ತದಾ, ನೀರು ಕಂಡರೆ ಎಳೆಯುತ್ತದಾ. ಕಾಳಿಯ ಪುಟದಲ್ಲಿ ಮೊದಲು ಬರೆದದ್ದು "ಹೊರುವುದು", ಆಮೇಲೆ "ನೀರು", ಮೂರನೆಯದು "ಕೋಳಿ". ಪುಟ್ಟಿಯ ಪುಟದಲ್ಲಿ "ಪೊದೆ" ಅಂತ ಒಂದೇ ಪದ ಇದೆ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.